ತಗಡಿನ ಶೆಡ್ಡಿನಲ್ಲಿ ನಿದ್ದೆಗೆಟ್ಟ ಕಾರು

ಮೇಲವಂಕಿಯ ಆಚೆಗಿನ ಒಂದು ತೋಟದ ಮನೆಯಲ್ಲಿ ಕಾರು ಸತ್ತಿದೆ ಎಂದು ಫೋನು ಬಂದದ್ದು ಮಳೆಗಾಲ ಹಿಡಿದ ಹೊಸದರಲ್ಲಿ. ಸತ್ತಿದೆ ಎಂಬುದು ಕಾರಿನ ಒಡತಿಯ ಮಾತು. ನಮ್ಮ ಕಂಪನಿಯ ಭಾಷೆಯಲ್ಲಿ ವಿದ್ಯುತ್ ಕಾರುಗಳು ಸಾಯುವುದಿಲ್ಲ, ‘ಪ್ರತಿಕ್ರಿಯಿಸದ ಸ್ಥಿತಿ’ಯನ್ನು ತಲುಪುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕುಗಳಲ್ಲಿ ಎಲ್ಲೇ ಒಂದು ಕಾರು ಆ ಸ್ಥಿತಿಯನ್ನು ತಲುಪಿದರೂ ಅಲ್ಲಿಗೆ ಧಾವಿಸಿ ಅದನ್ನು ಮಾತಿಗೆಳೆಯುವ ಮಹತ್ಕಾರ್ಯಕ್ಕೆ ಕಂಪನಿ ನನ್ನನ್ನು ನೇಮಿಸಿತ್ತು. ಹುದ್ದೆ, ಸರ್ವಿಸ್ ಇಂಜಿನಿಯರ್. ಧಾವಿಸಲು ವಾಹನ, ನನ್ನದೇ ಹಳೆಯ ಪೆಟ್ರೋಲ್ ಬೈಕು.

“ಸಾಹೇಬ್ರ, ಬಾಗಲಾನ ತಗೀವಲ್ದರಿ. ಕೀಲಿ ಒತ್ತಿದ್ರ ಪಿಟ್ ಅನ್ನವಲ್ದು. ಇವತ್ತ ನಮ್ಮ ಮನಿಯವ್ರದು ಡಯಾಲಿಸಿಸ್ ಐತ್ರಿ, ಹೊತ್ತಾಗಾಕತ್ತೈತಿ.”

ಯಜಮಾನರ ಎರಡೂ ಕಿಡ್ನಿ ಕೈಬಿಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಗೋಕಾಕದ ದವಾಖಾನೆಯಲ್ಲಿ ಮಿಷನ್ನಿಗೆ ಹಚ್ಚಿ ರಕ್ತ ತೊಳೆಯಬೇಕು. ಒಂದು ಪಾಳಿ ತಪ್ಪಿದರೆ ಕಾಲು ಊದುತ್ತದೆ, ನೀರು ಎದೆಗೇರುತ್ತದೆ, ಉಸಿರು ಸಿಗುವುದಿಲ್ಲ. ಮಿಷನ್ನಿನಿಂದ ಎದ್ದ ಮೇಲೆ ಬಸ್ಸಿನಲ್ಲಿ ನಿಲ್ಲುವ ತ್ರಾಣ ಉಳಿಯುವುದಿಲ್ಲ. ಆದ್ದರಿಂದ ಅವರ ಹೆಂಡತಿ, ನಾನು ಅಕ್ಕಾರು ಎಂದು ಕರೆಯುತ್ತಿದ್ದ ಹೆಣ್ಣುಮಗಳು, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಈ ಕಾರು ತರಿಸಿದ್ದರು. ಕುಲುಕುವುದಿಲ್ಲ, ಹೊಗೆಯಿಲ್ಲ, ಮನೆಯಲ್ಲೇ ಚಾರ್ಜ್ ಆಗುತ್ತದೆ. ರೋಗಿಗೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ ಎಂದು ಹೇಳಿ ಮಾರಿದವರು ನಮ್ಮವರೇ. ಆ ಮಾತು ಸುಳ್ಳಲ್ಲ. ಗಾಡಿ ಎದ್ದರೆ.

ಹೋಗಿ ನೋಡಿದೆ. ಕಾರು ರಾಜವೈಭವದಲ್ಲಿತ್ತು. ಮನೆಯ ಬಾಜೂಕ್ಕೆ ಅದಕ್ಕೆಂದೇ ಒಂದು ಶೆಡ್ಡು. ಮೇಲೂ ಪತ್ರಾಸು, ಅಂದರೆ ತಗಡು, ನಾಲ್ಕೂ ಬದಿಗೆ ಪತ್ರಾಸು, ಬಾಗಿಲೂ ಪತ್ರಾಸಿನದೇ. ಯಜಮಾನರ ತಾಯಿ, ಊರೆಲ್ಲ ಆಯಿ ಎನ್ನುವ ಮುದುಕಿ, ಮುಂದೆ ನಿಂತು ಕಟ್ಟಿಸಿದ್ದಂತೆ. “ಹೊರಗ ನಿಂತ್ರ ಮಂದಿ ಕಣ್ಣ ಬೀಳತಾವ ತಮ್ಮಾ. ನನ್ನ ಮಗನ ಜೀವಾ ಹೊತಗೊಂಡ ತಿರಗೂ ಗಾಡಿ ಅದು.”

ರಿಮೋಟ್ ಕೀಲಿಯೊಳಗೆ ಒಂದು ಕಬ್ಬಿಣದ ಕೀಲಿ ಅಡಗಿರುತ್ತದೆ. ಅದನ್ನು ಎಳೆದು ಬಾಗಿಲು ತೆರೆದೆ. ವಿದ್ಯುತ್ ಕಾರಿನಲ್ಲಿ ಎರಡು ಬ್ಯಾಟರಿ. ನೆಲದಡಿ ಮಲಗಿರುವ ದೊಡ್ಡದು ಗಾಡಿ ಓಡಿಸುತ್ತದೆ. ಬಾನೆಟ್ಟಿನಡಿ ಇರುವ ಹನ್ನೆರಡು ವೋಲ್ಟಿನ ಸಣ್ಣದು ಬಾಗಿಲು, ಪರದೆ, ದೀಪಗಳನ್ನು ನೋಡಿಕೊಳ್ಳುತ್ತದೆ. ಅಷ್ಟೇ ಅಲ್ಲ, ದೊಡ್ಡದಕ್ಕೆ ಹೋಗಿ ‘ಏಳು, ಹೊತ್ತಾಯಿತು’ ಎನ್ನಬೇಕಾದದ್ದೂ ಅದೇ. ಸಣ್ಣದು ಸತ್ತರೆ ದೊಡ್ಡದರಲ್ಲಿ ಬೆಳಗಾವಿಗೆ ಹೋಗಿ ಬರುವಷ್ಟು ಕರೆಂಟು ಇದ್ದರೂ ಅದು ಮಠದ ಆನೆಯಂತೆ ಮಲಗಿಯೇ ಇರುತ್ತದೆ. ಇಲ್ಲಿ ಸಣ್ಣದು ಪೂರ್ತಿ ಬರಿದಾಗಿತ್ತು. ನನ್ನ ಚೀಲದಲ್ಲಿದ್ದ ಎಬ್ಬಿಸುವ ಪೆಟ್ಟಿಗೆಯ ತಂತಿ ಹಚ್ಚಿದೆ. ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಕಾಂಟ್ಯಾಕ್ಟರ್ ಟಕ್ ಎಂದು ಬಡಿಯಿತು, ಹಸಿರು ದೀಪ ಬಂತು. ದಂಪತಿ ತಡವಾಗಿ ದವಾಖಾನೆ ಮುಟ್ಟಿದರು. ನಾನು ಮರುದಿನ ಹೊಸ ಸಣ್ಣ ಬ್ಯಾಟರಿ ಕೂಡಿಸಿ, ಹಳೆಯದೇ ದೋಷಿ ಎಂದು ಗಂಭೀರವಾಗಿ ತೀರ್ಪು ಕೊಟ್ಟೆ.

ವಾರ ಕಳೆಯುವುದರೊಳಗೆ ಹೊಸದೂ ಸತ್ತಿತು. ಯಜಮಾನರು ಪಕ್ಕದ ತೋಟದವರ ಹಾಲಿನ ಟೆಂಪೋದಲ್ಲಿ, ಕ್ಯಾನುಗಳ ನಡುವೆ ಕುಳಿತು ಗೋಕಾಕಕ್ಕೆ ಹೋದರು.

“ಹಾಲ ಒಡದಿಲ್ರಿ, ಅದ ಪುಣ್ಯಾ,” ಎಂದರು ಮರಳಿ ಬಂದು. ಕೃಶವಾದ ಮನುಷ್ಯ, ಮಾತು ಮಾತ್ರ ಇನ್ನೂ ದಪ್ಪವಿತ್ತು. “ಇಂಜಿನಿಯರ್ ಸಾಹೇಬ್ರ, ನನಗೂ ಇದಕ್ಕೂ ಒಂದ ಬ್ಯಾನಿ ಅನಸತೈತಿ. ಎರಡಕ್ಕೂ ಹೊರಗಿಂದ ವಾಯರ್ ಹಚ್ಚಿದ್ರನ ಜೀವಾ.”

ಬ್ಯಾಟರಿ ಬದಲಿಸುವ ಆಟ ಸಾಕು, ಯಾರೋ ಕರೆಂಟು ಕುಡಿಯುತ್ತಿದ್ದಾರೆ, ಕಳ್ಳನನ್ನು ಹಿಡಿಯಬೇಕು ಎಂದು ಕ್ಲ್ಯಾಂಪ್ ಮೀಟರ್ ತೆಗೆದುಕೊಂಡು ಕೂತೆ. ಕ್ರಮ ಹೀಗೆ: ಕಾರನ್ನು ಬೀಗ ಹಾಕಿ ಬಿಡಬೇಕು, ಸಣ್ಣ ಬ್ಯಾಟರಿಯ ತಂತಿಗೆ ಮೀಟರ್ ಕಚ್ಚಿಸಿ ಕಾಯಬೇಕು. ಒಳಗಿನ ಗಣಕಗಳು ಒಂದೊಂದಾಗಿ ಮಲಗುತ್ತವೆ, ಮೀಟರಿನ ಅಂಕಿ ಇಳಿಯುತ್ತ ಹೋಗಿ ತಳ ಕಾಣುತ್ತದೆ. ಇಲ್ಲಿ ಇಳಿಯುತ್ತಿತ್ತು, ಮತ್ತೆ ಜಿಗಿಯುತ್ತಿತ್ತು. ಕಾರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಯಾರು ಎಬ್ಬಿಸುತ್ತಿದ್ದಾರೆ?

“ಕೀಲಿ ಎಲ್ಲಿ ಇಡತೀರಿ ಅಕ್ಕಾರ?”

“ಕೀಲಿ ನಮ್ಮ ಕಡೆ ಇರಂಗಿಲ್ರಿ. ಸಂಜಿಕ ಆಯಿ ಇಸಗೋತಾರ.”

ಆ ಮನೆಯಲ್ಲಿ ಹಗಲು ದುಡಿದು ಬಂದದ್ದು ರಾತ್ರಿ ದೇವರ ಜಗಲಿಯ ಮೇಲೆ ಮಲಗಬೇಕು. ಮೊದಲು ಎತ್ತಿನ ಬಾರುಕೋಲು ಇಡುತ್ತಿದ್ದರಂತೆ, ಆಮೇಲೆ ಟ್ರ್ಯಾಕ್ಟರಿನ ಕೀಲಿ, ಈಗ ಕಾರಿನದು. ಆಯಿ ಅದಕ್ಕೆ ಮೂರು ಬೆರಳ ವಿಭೂತಿ ಹಚ್ಚಿ, ಲಿಂಗದ ಬದಿಗಿಟ್ಟು ಕೈಮುಗಿಯುವಳು. ಜಗಲಿಯ ಹಿಂದಿನ ಗೋಡೆಯ ಆಚೆಯೇ ಶೆಡ್ಡು. ಕಾರಿನ ಮೂತಿ ಆ ಗೋಡೆಗೆ ತಾಗುವಂತೆ ನಿಂತಿರುತ್ತದೆ. ಈ ಕಾರಿಗೆ ಕೀಲಿ ಹತ್ತಿರ ಬಂದರೆ ಒಡೆಯ ಬಂದ ಎಂದು ಕಣ್ಣು ಬಿಡುವ ವಿದ್ಯೆ ಕಲಿಸಿದ್ದಾರೆ. ರಾತ್ರಿಯಿಡೀ ಒಡೆಯ ಗೋಡೆಯಾಚೆಯೇ ಇದ್ದಾನೆ. ನಿದ್ದೆ ಹೇಗೆ ಬಂದೀತು?

ಇದನ್ನು ಆಯಿಗೆ ತಿಳಿಸುವ ಕೆಲಸ ನನ್ನ ಮೇಲೇ ಬಿತ್ತು.

“ದೇವರ ಮುಂದ ಇಟ್ಟದ್ದಕ್ಕ ಗಾಡಿ ಸಾಯತೈತಿ ಅಂತೀಯಲ್ಲೋ ತಮ್ಮಾ, ನಾಲಗಿ ಹ್ಯಾಂಗರ ಹೊಳ್ಳತೈತಿ ನಿನಗ?”

“ದೇವರದ ಏನ ತಪ್ಪಿಲ್ಲ ಆಯಿ. ಗ್ವಾಡಿ ತೆಳ್ಳಗ ಆತು.”

“ಮುಗಿಲ ಜೋಡಿ ಮಾತಾಡೂ ಗಾಡಿ ಅಂದ್ರಿ ಮಾರೂವಾಗ. ಒಂದ ಗ್ವಾಡಿ ತಿಳೀಲಿಲ್ಲ ಅದಕ್ಕ?”

ಕಡೆಗೆ ಒಪ್ಪಂದವಾಯಿತು. ಕೀಲಿ ಜಗಲಿಯ ಮೇಲೇ ಇರತಕ್ಕದ್ದು, ಆದರೆ ಮುಚ್ಚಳವಿರುವ ಸ್ಟೀಲ್ ಡಬ್ಬಿಯೊಳಗೆ. ಲೋಹದ ಡಬ್ಬಿಯೊಳಗಿಂದ ಕೀಲಿಯ ಸದ್ದು ಕಾರಿಗೆ ಕೇಳುವುದಿಲ್ಲ. ಆಯಿ ವಿಭೂತಿಯನ್ನು ಡಬ್ಬಿಯ ಮುಚ್ಚಳಕ್ಕೆ ಹಚ್ಚಿದಳು. ಧರ್ಮಕ್ಕೂ ವಿಜ್ಞಾನಕ್ಕೂ ಇಷ್ಟು ಬೇಗ ರಾಜಿಯಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಎಲ್ಲವನ್ನೂ ವಿವರಿಸಿ ಮುಖ್ಯ ಕಚೇರಿಗೆ ವರದಿ ಕಳಿಸಿದೆ. ಈ ವಿಷಯ ಖರೀದಿಯ ದಿನವೇ ಕನ್ನಡದಲ್ಲಿ ಹೇಳಬೇಕು, ಇಲ್ಲಿ ಬಹಳ ಮನೆಗಳಲ್ಲಿ ಈ ಪದ್ಧತಿ ಇದೆ ಎಂದೂ ಸೇರಿಸಿದ್ದೆ. ಉತ್ತರ ಬಂತು. ‘ಮೂಲ ಕಾರಣ: ಗ್ರಾಹಕರ ಧಾರ್ಮಿಕ ಆಚರಣೆ. ದೂರು ಮುಕ್ತಾಯ.’ ನನಗೆ ಆ ಕ್ಷಣಕ್ಕೆ ಬಂದ ಸಿಟ್ಟನ್ನು ವರ್ಣಿಸಲು ನಾನು ಶಾಲೆಯಲ್ಲಿ ಕಲಿತ ಕನ್ನಡ ಸಾಲದು. ಗ್ಯಾರೇಜಿನಲ್ಲಿ ಕಲಿತದ್ದು ಸಾಲುತ್ತಿತ್ತು, ಬರೆಯುವಂತಿಲ್ಲ.

ದೂರು ಮುಕ್ತಾಯವಾದ ಕೆಲವೇ ದಿನಗಳಲ್ಲಿ ಕಾರು ಮೂರನೇ ಸಲ ಸತ್ತಿತು. ಕೀಲಿ ಡಬ್ಬಿಯಲ್ಲೇ ಇತ್ತು. ಅಂದು ಹಾಲಿನ ಟೆಂಪೋ ಬೇಗ ಹೊರಟುಹೋಗಿತ್ತು, ನಾನು ಹುಕ್ಕೇರಿಯ ಕಡೆ ಇದ್ದೆ. ಮಿಷನ್ನಿನ ಪಾಳಿ ತಪ್ಪಿತು. ಮರುದಿನ ನಾನು ಹೋದಾಗ ಯಜಮಾನರು ಹೊರಸಿನ ಮೇಲೆ ಎರಡು ತಲೆದಿಂಬಿಗೆ ಒರಗಿ ನೆಟ್ಟಗೆ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ. ಕಾಲು ಊದಿ ಹೊಳೆಯುತ್ತಿದ್ದವು. ದಪ್ಪ ಮಾತು ಬರಲಿಲ್ಲ. ಕೈ ಎತ್ತಿ ಶೆಡ್ಡಿನ ಕಡೆ ತೋರಿಸಿದರು, ಅಷ್ಟೇ. ಮೊದಲು ಕಾರು ಎಬ್ಬಿಸಿ ಅವರನ್ನು ಕಳಿಸಿಕೊಟ್ಟೆ. ಸಂಜೆ ಅವರು ಮರಳಿದ ಮೇಲೆ ಮತ್ತೆ ಮೀಟರ್ ಕಚ್ಚಿಸಿದೆ.

ಕೀಲಿ ಡಬ್ಬಿಯಲ್ಲಿ, ಬಾಗಿಲು ಬೀಗದಲ್ಲಿ, ಆದರೂ ಅಂಕಿ ಜಿಗಿಯುತ್ತಿದೆ. ಈ ಸಲ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಒಂದು ಕೀಳುವುದು, ಮೀಟರ್ ನೋಡುವುದು, ಮರಳಿ ಸಿಕ್ಕಿಸುವುದು. ಟೆಲಿಮ್ಯಾಟಿಕ್ಸ್ ಡಬ್ಬಿಯ ಫ್ಯೂಸ್ ಕಿತ್ತಾಗ ಅಂಕಿ ಇಳಿದು, ತಳದಲ್ಲಿ ಕೂತು, ಏಳಲೇ ಇಲ್ಲ. ಸಿಕ್ಕಿಸಿದೆ, ಜಿಗಿಯಿತು. ಕಿತ್ತೆ, ಕೂತಿತು.

ಈ ಡಬ್ಬಿ ಡ್ಯಾಶ್‌ಬೋರ್ಡಿನ ಹಿಂದೆ ಇರುತ್ತದೆ. ಅದರಲ್ಲೊಂದು ಸಿಮ್ಮು. ಗಾಡಿ ಎಲ್ಲಿದೆ, ಎಷ್ಟು ಚಾರ್ಜಿದೆ ಎಂದು ಕಂಪನಿಗೆ ಚಾಡಿ ಹೇಳುವುದು ಮತ್ತು ಕಂಪನಿ ಕಳಿಸಿದ ನಕ್ಷೆ, ಹೊಸ ಸಾಫ್ಟ್‌ವೇರ್ ಇಳಿಸಿಕೊಳ್ಳುವುದು ಅದರ ಕೆಲಸ. ಈ ತೋಟ ತಗ್ಗಿನಲ್ಲಿದೆ, ಸಿಗ್ನಲ್ ಸಿಗುವುದೇ ಅಪರೂಪ. ಅದರ ಮೇಲೆ ಆಯಿಯ ತಗಡಿನ ಅರಮನೆ. ಡಬ್ಬಿ ರಾತ್ರಿಯೆಲ್ಲ ಎದ್ದೆದ್ದು ಕಂಪನಿಯನ್ನು ಕರೆಯುತ್ತಿತ್ತು. ಕರೆದಾಗಲೆಲ್ಲ ಕಾರಿನ ಉಳಿದ ಗಣಕಗಳನ್ನೂ ಎಬ್ಬಿಸುತ್ತಿತ್ತು. ಮನುಷ್ಯನಾದವನು ನಾಲ್ಕು ಸಲ ಕೂಗಿ, ಯಾರೂ ಓ ಎನ್ನದಿದ್ದರೆ ಮನೆಗೆ ಹೋಗಿ ಮಲಗುತ್ತಾನೆ. ಈ ಡಬ್ಬಿಗೆ ಆ ಮರ್ಯಾದೆಯನ್ನು ಯಾರೂ ಕಲಿಸಿರಲಿಲ್ಲ. ಅದನ್ನು ಮಾಡಿದವರು ಎಲ್ಲೆಡೆ ಸಿಗ್ನಲ್ ಇರುವ ಊರಿನಲ್ಲಿ ಕೂತು ಮಾಡಿದ್ದರು.

ಆ ತೋಟದಲ್ಲಿ ಫೋನಿಗೆ ಸಿಗ್ನಲ್ ಸಿಗುವ ಏಕೈಕ ಸ್ಥಳ ದನದ ಕೊಟ್ಟಿಗೆಯ ಹಿಂದಿನ ತಿಪ್ಪೆ. ನಾನು ತಿಪ್ಪೆಯನ್ನೇರಿ, ಅದರ ಶಿಖರದಲ್ಲಿ ನಿಂತು, ಮುಖ್ಯ ಕಚೇರಿಯ ತಾಂತ್ರಿಕ ಸಹಾಯವಾಣಿಗೆ ನನ್ನ ಸಂಶೋಧನೆಯನ್ನು ನಿವೇದಿಸಿದೆ. ಆ ಕಡೆ ಒಬ್ಬ ಹೆಣ್ಣುಮಗಳು. ಬಹಳ ವಿನಯ.

“ತಮ್ಮ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಸರ್. ಆದರೆ ಆ ಫ್ಯೂಸನ್ನು ದಯವಿಟ್ಟು ತೆಗೆಯಬೇಡಿ. ವಾಹನ ಸದಾ ಕಂಪನಿಯ ಸಂಪರ್ಕದಲ್ಲಿರಬೇಕು. ಇಲ್ಲವಾದರೆ ವಾರಂಟಿ ರದ್ದಾಗುತ್ತದೆ.”

“ಮೇಡಂ, ಅದು ಸಂಪರ್ಕದಾಗ ಇಲ್ಲ ಅಂತನ ಸಾಯಾಕತ್ತೈತಿ.”

“ಹೌದು ಸರ್. ಅದಕ್ಕಾಗಿಯೇ ಹೊಸ ಅಪ್‌ಡೇಟ್ ಬರುತ್ತಿದೆ. ಅದರಲ್ಲಿ ಗಾಢ ನಿದ್ರೆಯ ಸೌಲಭ್ಯವಿದೆ. ನೆಟ್‌ವರ್ಕ್ ಮೂಲಕ ತಾನಾಗಿಯೇ ಬರುತ್ತದೆ.”

ನೆಟ್‌ವರ್ಕ್ ಇಲ್ಲದ ರೋಗಕ್ಕೆ ನೆಟ್‌ವರ್ಕ್ ಮೂಲಕ ಔಷಧ. ನಾನು ತಿಪ್ಪೆಯಿಂದ ಇಳಿದೆ. ಫ್ಯೂಸನ್ನು ಮರಳಿ ಸಿಕ್ಕಿಸಿದೆ, ನೌಕರಿ ಮಾಡುವವನಲ್ಲವೇ. ಎಬ್ಬಿಸುವ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಕೆಂಪು ತಂತಿ ಎಲ್ಲಿ, ಕಪ್ಪು ತಂತಿ ಎಲ್ಲಿ ಎಂದು ಅಕ್ಕಾರಿಗೆ ಕಲಿಸಿದೆ. ಅಂದಿನಿಂದ ಆ ಹೆಣ್ಣುಮಗಳು ಮುಂಜಾನೆ ಎದ್ದು ಎಮ್ಮೆ ಹಿಂಡಿ, ಕಾರಿಗೆ ತಂತಿ ಹಚ್ಚಿ ಎಬ್ಬಿಸಿ, ಗಂಡನನ್ನು ಕೂಡಿಸಿಕೊಂಡು ಹೋಗತೊಡಗಿದರು. ಗೋಕಾಕದ ದವಾಖಾನೆಯ ಅಂಗಳದಲ್ಲಿ ಸಿಗ್ನಲ್ ಒಳ್ಳೆಯದು. ಅಲ್ಲಿ ನಿಂತಷ್ಟು ಹೊತ್ತು ಅಪ್‌ಡೇಟ್ ಇಳಿಯುತ್ತಿತ್ತು, ಮನೆಗೆ ಬಂದರೆ ನಿಲ್ಲುತ್ತಿತ್ತು. ಅರೆಬರೆ ಇಳಿದ ಗಾಢ ನಿದ್ರೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾರು ಓಡಾಡುತ್ತಿತ್ತು.

ಅಷ್ಟರಲ್ಲಿ ಹೊಳೆ ಬಂತು. ಗೋಕಾಕದ ಸೇತುವೆಯ ಮೇಲೆ ನೀರು ಹತ್ತಿ ಪೊಲೀಸರು ದಾರಿ ಕಟ್ಟಿದರು. ನಾನು ಅರಭಾವಿಯ ಕಾಲೇಜಿನ ಒಬ್ಬ ಮಾಸ್ತರರ ಕಾರು ನೋಡಲು ಹೋದವನು ಹೊಳೆಯ ಈಚೆ, ತೋಟವಿರುವ ಕಡೆಯೇ ಸಿಕ್ಕಿಕೊಂಡಿದ್ದೆ. ಮಾಸ್ತರರು ಎಲ್ಲಿಗೇ ಹೋದರೂ ಅವರ ಕಾರಿನ ನಕ್ಷೆ ಮಾತ್ರ ಕಾಲೇಜಿನ ಗೇಟಿನಲ್ಲೇ ನಿಂತಿರುತ್ತಿತ್ತು. ಆಗ ತಿಪ್ಪೆಯ ಮೇಲಿಂದ ಅಕ್ಕಾರ ಫೋನು.

“ಸಾಹೇಬ್ರ, ದವಾಖಾನಿಯಿಂದ ಹೇಳ್ಯಾರ, ಹುಕ್ಕೇರ್ಯಾಗ ಒಂದ ಮಿಷನ್ ಖಾಲಿ ಐತಿ, ಅಲ್ಲಿಗೆ ಹೋಗ್ರಿ ಅಂತ. ಸಂಜೀತನಕ ಹಿಡದ ಇಡತಾರಂತ. ಇವ್ರಿಗೆ ನಿನ್ನಿಯಿಂದ ದಮ್ಮ ಹತ್ತೈತಿ. ದಾರ್ಯಾಗ ಗಾಡಿ ಮಲಗಿದ್ರ ಏನ ಮಾಡ್ಲಿ? ನೀವ ಬರ್ರಿ.”

ಹೋದೆ. ಅಕ್ಕಾರು ಸ್ಟೇರಿಂಗಿಗೆ, ನಾನು ಬಾಜೂಕ್ಕೆ, ಯಜಮಾನರು ಹಿಂದೆ ತಲೆದಿಂಬುಗಳ ನಡುವೆ. ನನಗೆ ಗೊತ್ತಿದ್ದ ಡಾಂಬರು ದಾರಿಗಳೆಲ್ಲ ಕಟ್ಟಿದ್ದವು. ಉಳಿದದ್ದು ಹೊಲಗಳ ನಡುವಿನ ಒಳದಾರಿ. ಎರಡೂ ಬದಿಗೆ ಆಳೆತ್ತರ ಮೀರಿದ ಕಬ್ಬು, ಮೇಲೆ ಮಳೆ. ದಿಕ್ಕು ತಿಳಿಯದು. ಕಾರಿನ ಪರದೆಯ ನಕ್ಷೆಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. ನೀಲಿ ಗೆರೆಯೊಂದನ್ನು ಹುಕ್ಕೇರಿಯತನಕ ಎಳೆದುಕೊಟ್ಟು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಮಧುರವಾಗಿ ನುಡಿಯುತ್ತಿತ್ತು. ದಾರಿ ಮುಚ್ಚಿದ ಸುದ್ದಿ ಅದಕ್ಕೆ ನೆಟ್‌ವರ್ಕಿನಿಂದ ತಿಳಿಯಬೇಕು. ನೆಟ್‌ವರ್ಕ್ ಇರಲಿಲ್ಲ. ತನಗೆ ತಿಳಿದಿಲ್ಲ ಎಂಬುದನ್ನು ಹೇಳುವ ಸೌಜನ್ಯವೂ ಇರಲಿಲ್ಲ.

“ಇನ್ನೂರು ಮೀಟರ್ ನೇರವಾಗಿ ಮುಂದುವರಿಯಿರಿ,” ಎಂದಿತು.

ಕಬ್ಬು ಮುಗಿದು ಇಳಿಜಾರು ಬಂತು. ಅಷ್ಟರಲ್ಲಿ ಕಂಬಳಿ ಹೊದ್ದ ಕುರಿಗಾರನೊಬ್ಬ, ತನ್ನ ಕುರಿಗಳನ್ನೂ ಹೊರೆಯ ಕತ್ತೆಗಳನ್ನೂ ದಾರಿಬದಿಗೆ ಬಿಟ್ಟು, ಬಡಿಗೆ ಎತ್ತಿ ಕಾರಿನ ಮುಂದೆಯೇ ಜಿಗಿದ. ಅಕ್ಕಾರು ಬ್ರೇಕು ಒತ್ತಿದರು.

“ಏ ಯವ್ವಾ, ನಿಂದರ! ಎಲ್ಲಿ ಹೊಂಟೀ? ಮುಂದ ಹೊಳಿ ಐತಿ!”

“ಮ್ಯಾಪಿನ್ಯಾಗ ದಾರಿ ಐತಿ ಅಂತ ತೋರಸಾಕತ್ತೈತಿ ಕಾಕಾ.”

“ಮ್ಯಾಪಿಗೆ ಈಜಾಕ ಬರ್ತೈತೇನ?”

ಇಳಿದು ನೋಡಿದೆ. ಹೊಳೆಗೆ ಅಡ್ಡವಾಗಿ ಕಟ್ಟಿದ ಬಾಂದಾರ ಅದು. ಬೇಸಿಗೆಯಲ್ಲಿ ಅದರ ಮೇಲೆ ಬೈಕು, ಚಕ್ಕಡಿ ಓಡಾಡುತ್ತವೆ. ಮಳೆಗಾಲದಲ್ಲಿ ಅದರ ಮೇಲೆ ಹೊಳೆ ಓಡಾಡುತ್ತದೆ. ಕಂದು ನೀರು ಸದ್ದೇ ಇಲ್ಲದೆ ದಾಟಿ ಹೋಗುತ್ತಿತ್ತು. ಒಳಗಿಂದ ಆ ಮಧುರ ಧ್ವನಿ ಇನ್ನೂ ಮುಂದುವರಿಯಿರಿ ಎನ್ನುತ್ತಿತ್ತು. ಅದರ ಕತ್ತು ಹಿಸುಕೋಣವೆಂದರೆ ಕತ್ತಿಲ್ಲ.

ಯಜಮಾನರು ಗಾಳಿಗೆಂದು ಬಾಗಿಲು ತೆರೆಸಿಕೊಂಡಿದ್ದರು. ನೀರನ್ನೇ ನೋಡುತ್ತ, ಉಸಿರು ತೆಗೆದು ತೆಗೆದು ಹೇಳಿದರು. “ನನಗ ದಿನಕ್ಕ ಎರಡ ಗಿಲಾಸ ನೀರಷ್ಟ ಕುಡಿ ಅಂದಾರ… ಇಲ್ಲಿ ನೋಡ್ರಿ… ಎಷ್ಟ ಸುಮ್ಮ ಹೊಂಟೈತಿ.”

ಅಕ್ಕಾರು ಕಾರು ಹಿಂದೆ ತಿರುಗಿಸಲು ಕೂತರು. ಪರದೆಯ ಮೇಲೆ ನಕ್ಷೆ ಮುಚ್ಚಿಕೊಂಡು ಒಂದು ಚೌಕ ಮೂಡಿತ್ತು. ವಾಹನ ನಿಂತಿರುವುದನ್ನು ಗಮನಿಸಿ, ಕೃಪೆಯಿಂದ, ಹೊಸ ಸಾಫ್ಟ್‌ವೇರ್ ಕೂಡಿಸಲೇ ಎಂದು ಕೇಳುತ್ತಿತ್ತು. ಈಗ, ನಂತರ. ಅವರು ಮಳೆಗೆ ತೊಯ್ದ ಬೆರಳಿನಿಂದ ‘ನಂತರ’ ಒತ್ತಿದರು. ಪರದೆ ಕದಲಲಿಲ್ಲ. ಇನ್ನೊಮ್ಮೆ ಒತ್ತಿದರು. ಚೌಕ ಹೋಯಿತು, ಒಂದು ಗೆರೆ ಬಂತು. ‘ಅಪ್‌ಡೇಟ್ ನಡೆಯುತ್ತಿದೆ. ಮುಗಿಯುವವರೆಗೆ ವಾಹನ ಚಲಿಸುವುದಿಲ್ಲ.’

ಗೆರೆ ಅರ್ಧದಷ್ಟು ತುಂಬಿ ನಿಂತಿತು. ಉಳಿದರ್ಧ ಎಲ್ಲಿಂದ ಬರಬೇಕು? ಅದು ಗೋಕಾಕದ ಆಕಾಶದಲ್ಲಿತ್ತು. ಹೊಳೆ ಮೆಲ್ಲಗೆ ಇಳಿಜಾರನ್ನು ಏರುತ್ತಿತ್ತು. ನನ್ನ ಫೋನಿನಲ್ಲಿ ಒಂದೇ ಒಂದು ಕಡ್ಡಿ ಸಿಗ್ನಲ್ ಕಂಡಿತು. ಸಹಾಯವಾಣಿಗೆ ಹಚ್ಚಿದೆ. ಸಂಗೀತ ಕೇಳಿಸಿದರು. ಆಮೇಲೆ ಅದೇ ವಿನಯ.

“ದಯವಿಟ್ಟು ವಾಹನವನ್ನು ಉತ್ತಮ ನೆಟ್‌ವರ್ಕ್ ಇರುವ ಜಾಗಕ್ಕೆ ತೆಗೆದುಕೊಂಡು ಹೋಗಿ ಸರ್.”

“ಅದು ಹೋಗೂದಿಲ್ಲ ತಾಯಿ.”

“ಅಪ್‌ಡೇಟ್ ಮುಗಿಯುವವರೆಗೆ ಹೋಗುವುದಿಲ್ಲ ಸರ್.”

“ಅಪ್‌ಡೇಟ್ ಯಾವಾಗ ಮುಗೀತೈತಿ?”

“ಉತ್ತಮ ನೆಟ್‌ವರ್ಕ್ ಸಿಕ್ಕ ಮೇಲೆ ಸರ್.”

“ಹಿಂದಿನ ಸೀಟಿನ್ಯಾಗ ಒಬ್ರಿಗೆ ಉಸುರ ಬರವಲ್ದು. ಆ ಫ್ಯೂಸ್ ಕೀಳತೇನಿ ನಾ.”

“ಬೇಡಿ ಸರ್. ನಡುವೆ ನಿಲ್ಲಿಸಿದರೆ ಕಂಟ್ರೋಲ್ ಯುನಿಟ್ ಶಾಶ್ವತವಾಗಿ ಹಾಳಾಗಬಹುದು. ಅದಕ್ಕೆ ಕಂಪನಿ ಜವಾಬ್ದಾರಿಯಲ್ಲ.” ಅಲ್ಲಿಗೆ ಕಡ್ಡಿಯೂ ಹೋಯಿತು.

ಆಕೆ ಹೇಳಿದ್ದು ಸುಳ್ಳಲ್ಲ, ಅದೇ ಕಷ್ಟ. ನಾನು ಮಳೆಯಲ್ಲಿ ನಿಂತು ಲೆಕ್ಕ ಹಾಕಿದೆ. ಈ ಅಪ್‌ಡೇಟ್ ಸಿಮ್ಮಿನ ಡಬ್ಬಿಗೆ ಮತ್ತು ಪರದೆಗೆ ಸಂಬಂಧಿಸಿದ್ದೆಂದು ಕಂಪನಿಯ ಸುತ್ತೋಲೆಯಲ್ಲಿತ್ತು. ಮೋಟಾರಿನ ಗಣಕವನ್ನು ಅದು ಮುಟ್ಟದಿದ್ದರೆ, ಡಬ್ಬಿಯ ಉಸಿರು ನಿಲ್ಲಿಸಿದರೆ ಕಾರು ಬದುಕುತ್ತದೆ. ಮುಟ್ಟಿದ್ದರೆ ಕಾರು ಇಲ್ಲೇ ಕಲ್ಲಾಗುತ್ತದೆ, ಆಮೇಲೆ ಯಾವ ಪೆಟ್ಟಿಗೆಯಿಂದಲೂ ಏಳುವುದಿಲ್ಲ. ಕಾಯುವುದೆಂದರೆ ಯಾವುದಕ್ಕೆ ಕಾಯುವುದು? ನನ್ನ ಕಾರಾಗಿದ್ದರೆ ಕೇಳಬೇಕಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಗಂಡಹೆಂಡಿರಿಗೆ ಹೇಳಿದೆ.

ಅಕ್ಕಾರು ಗಂಡನ ಕಡೆ ನೋಡಿದರು.

“ಕೀಳ್ರಿ,” ಎಂದರು ಯಜಮಾನರು. “ಕೆಟ್ಟರ ಕೆಡ್ಲಿ… ಕುರಿಗಾರನ ಕತ್ತಿ ಮ್ಯಾಲ ಕುಂತ ಹೋಗತೇನಿ.”

ಕುರಿಗಾರ ತನ್ನ ಕತ್ತೆಗಳ ಕಡೆ ತಿರುಗಿ ನೋಡಿ, “ಒಯ್ತಾವ್ರೀ ಧಣಿ, ಅದಕ್ಕೇನ,” ಎಂದ. ಹಾಸ್ಯಕ್ಕೆ ಹೇಳಿದ್ದಲ್ಲ.

ಬಾನೆಟ್ ತೆರೆದು ಸಣ್ಣ ಬ್ಯಾಟರಿಯ ಕಪ್ಪು ತಂತಿ ಬಿಚ್ಚಿದೆ. ಕುರಿಗಾರ ನನ್ನ ಮೇಲೆ ಕಂಬಳಿ ಹಿಡಿದ. ಪರದೆ ಆರಿತು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಆ ಫ್ಯೂಸನ್ನು ಕಿತ್ತೆ. ಉಗುರಿನಷ್ಟು ಪ್ಲಾಸ್ಟಿಕ್ ತುಂಡು. ಒಳಗೆ ಉಳಿದ ಕರೆಂಟು ಆರಲಿ ಎಂದು ಸ್ವಲ್ಪ ಹೊತ್ತು ಕಾದೆ. ಹಿಂದಿನ ಸೀಟಿನ ಉಸಿರಿನ ಸದ್ದೊಂದೇ ಕೇಳುತ್ತಿತ್ತು. ತಂತಿ ಬಿಗಿದೆ.

“ಒತ್ರಿ ಅಕ್ಕಾರ.”

ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಎದುರಿನ ದೀಪಗಳೆಲ್ಲ ಒಟ್ಟಿಗೆ ಹತ್ತಿ, ಒಂದೊಂದಾಗಿ ಆರಿ, ಸೀಟಿನಡಿಯಲ್ಲಿ ಟಕ್ ಎಂದಿತು. ಹಸಿರು ದೀಪ. ದೊಡ್ಡ ಪರದೆ ಕಪ್ಪಾಗಿಯೇ ಉಳಿಯಿತು. ನಕ್ಷೆಯಿಲ್ಲ, ಗಡಿಯಾರವಿಲ್ಲ, ಮಧುರ ಧ್ವನಿಯಿಲ್ಲ. ಕಾರು ಮೊದಲ ಸಲ ಬರೀ ಕಾರಾಗಿತ್ತು.

“ಹಿಂದ ಹೊಳ್ಳಿ, ಎರಡನೇ ಬಾವಿ ಹತ್ರ ಎಡಕ್ಕ ಹೋಗ್ರಿ,” ಎಂದ ಕುರಿಗಾರ. “ಅಲ್ಲಿಂದ ಮುಂದ ನನಗ ಗೊತ್ತಿಲ್ಲ. ಯಾರನರ ಕೇಳ್ರಿ.”

ಕೇಳುತ್ತ ಹೋದೆವು. ಕಿಟಕಿ ಇಳಿಸುವುದು, ಅಕ್ಕಾರು “ಹುಕ್ಕೇರಿಗೆ ಹ್ಯಾಂಗ ಹೋಗೂದ್ರಿ?” ಎನ್ನುವುದು. ತಪ್ಪು ದಾರಿ ಹೇಳಿದವರೂ ಇದ್ದರು, ಸುಳ್ಳೇಕೆ. ಒಬ್ಬಾತ ತನ್ನ ಊರಿನ ಮೇಲಿಂದಲೇ ಹೋಗಬೇಕೆಂದು ಹಟ ಹಿಡಿದು ನಮ್ಮನ್ನು ಸುತ್ತಿಸಿದ. ಆದರೆ ಗೊತ್ತಿಲ್ಲದವರು ಗೊತ್ತಿಲ್ಲ ಎಂದರು. ಸಂಜೆಗೆ ಹುಕ್ಕೇರಿ ಮುಟ್ಟಿದೆವು. ನರ್ಸ್ ಒಬ್ಬಾಕೆ ಬಾಗಿಲಲ್ಲೇ, “ಇಷ್ಟ ತಡಾ ಮಾಡೂದೇನ್ರಿ? ಇನ್ನೊಂದ ಸ್ವಲ್ಪಾಗಿದ್ರ ಮಿಷನ್ ಬ್ಯಾರೇದವ್ರಿಗೆ ಕೊಟ್ಟಬಿಡತಿದ್ವಿ,” ಎಂದು ಅಕ್ಕಾರಿಗೆ ಬೈದು, ಬೈಯುತ್ತಲೇ ಯಜಮಾನರನ್ನು ಒಳಗೆ ಒಯ್ದಳು. ಅಕ್ಕಾರು ಹೊರಗಿನ ಬೆಂಚಿನ ಮೇಲೆ ಕೂತು ಸೆರಗು ಬಾಯಿಗೊತ್ತಿಕೊಂಡು ಅತ್ತರು. ಬೈಸಿಕೊಳ್ಳಬೇಕಾದವನು ನಾನು, ನನ್ನ ಕಂಪನಿ. ಚಹಾ ತಂದು ಅವರ ಕೈಗಿಟ್ಟು, ಕಿತ್ತ ಫ್ಯೂಸನ್ನು ನನ್ನ ಜೇಬಿನ ತಳಕ್ಕೆ ತಳ್ಳಿದೆ.

ಹೊಳೆ ಇಳಿದ ಮೇಲೆ ಬೆಳಗಾವಿಯ ಮ್ಯಾನೇಜರ್ ಫೋನು ಮಾಡಿದರು.

“ನಿಮ್ಮ ಕಡೀದೊಂದ ಗಾಡಿ ಪರದೇ ಮ್ಯಾಲ ಕಾಣವಲ್ದು. ಮುಖ್ಯ ಆಫೀಸಿನವ್ರು ನನ್ನ ಜೀವಾ ತಿನ್ನಾಕತ್ತಾರ. ಆ ಫ್ಯೂಸ್ ವಾಪಸ್ ಹಾಕ್ರಿ, ಮುಗದ ಹೋಗ್ಲಿ.”

“ಹಾಕೂದಿಲ್ಲರಿ.”

“ಏನಂದ್ರಿ?”

“ನೆಟ್‌ವರ್ಕ್ ಸಿಗದಿದ್ರ ಆ ಡಬ್ಬಿ ಸುಮ್ಮ ಮಲಗೂ ಹಂಗ ಮಾಡಸ್ರಿ, ಹಾಕತೇನಿ. ಅಲ್ಲೀಮಟ ಹಾಕೂದಿಲ್ಲ. ಹಾಕಿ, ಆ ಮನಷ್ಯಾಗ ಏನರ ಆದ್ರ, ಮೂಲ ಕಾರಣ ಅಂತ ಏನ ಬರೀತೀರಿ? ಹೆಣ್ತಿ ಬೆರಳ ತೊಯ್ದಿತ್ತು ಅಂತ ಬರೀತೀರಿ?”

“ರೀ, ನೌಕರಿ ಮಾಡವ್ರು ಹಿಂಗ ಮಾತಾಡಬಾರದ್ರಿ.”

“ನೌಕರಿ ಮಾಡಾಕತ್ತೇನ್ರಿ. ಗಾಡಿ ಓಡೂ ಹಂಗ ಇಡೂದು ನನ್ನ ನೌಕರಿ.”

ಅವರು ಫೋನಿಟ್ಟರು. ಕಂಪನಿಯ ವೇಗ ನೋಡಿ: ಕಾರು ಸತ್ತಾಗಲೆಲ್ಲ ವಿಷಾದವನ್ನಷ್ಟೇ ಕಳಿಸಿದ್ದವರು, ಕಾರು ಕಣ್ಣಿಗೆ ಕಾಣುತ್ತಿಲ್ಲ ಎಂದೊಡನೆ ಇಬ್ಬರು ಜೀವಂತ ಮನುಷ್ಯರನ್ನೇ ಕಳಿಸಿದರು. ಮುಖ್ಯ ಕಚೇರಿಯ ಇಂಜಿನಿಯರುಗಳು, ಕೈಯಲ್ಲಿ ಟ್ಯಾಬ್ಲೆಟ್ಟು, ಚೀಲದಲ್ಲಿ ಹೊಸ ಫ್ಯೂಸು. ನಾನು ತೋಟದಲ್ಲಿ ಅವರನ್ನು ಎದುರುಗೊಳ್ಳಬೇಕೆಂದು ಆಜ್ಞೆಯಾಯಿತು. ಅವರು ತಡವಾಗಿ ಬಂದರು, ಮೊಣಕಾಲಿನತನಕ ಕೆಸರು. ಟ್ಯಾಬ್ಲೆಟ್ಟಿನಲ್ಲಿ ಕಾರಿನ ಚುಕ್ಕೆ ಇನ್ನೂ ಬಾಂದಾರದ ಬಳಿಯೇ ಇತ್ತಂತೆ. ಮೊದಲು ಅಲ್ಲಿಗೆ ಹೋಗಿ ಹುಡುಕಿ ಬಂದಿದ್ದರು.

“ಅಜ್ಜಿ, ಕಾರು ಎಲ್ಲಿ?” ಎಂದರು ಹಿರಿಯ ಇಂಜಿನಿಯರು.

“ಇವತ್ತ ಬುಧವಾರ,” ಎಂದಳು ಆಯಿ. “ಬುಧವಾರ ಗಾಡಿ ಮನ್ಯಾಗ ಇರಂಗಿಲ್ಲ.”

ಕಾದೆವು. ಆಯಿ ರೊಟ್ಟಿ ತಿನ್ನಿಸಿದಳು. ಸಂಜೆ ಕಾರು ಸದ್ದಿಲ್ಲದೆ ಅಂಗಳಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಯಜಮಾನರು ಬಾಯಿ ತೆರೆದು ನಿದ್ದೆ ಹೋಗಿದ್ದರು, ತೋಳಿಗೆ ಬಿಳಿ ಪಟ್ಟಿ. ಮಲಗಿಯೇ ಇದ್ದರು, ಒರಗಿ ಅಲ್ಲ. ಅಕ್ಕಾರು ಇಳಿದು ಅಪರಿಚಿತರನ್ನು ನೋಡಿದರು. ಹಿರಿಯ ಇಂಜಿನಿಯರು ಫ್ಯೂಸನ್ನು ತೋರಿಸಿ, ದನಿ ತಗ್ಗಿಸಿ, ವಾರಂಟಿಯ ವಿಷಯವನ್ನೂ ಸಂಪರ್ಕದ ವಿಷಯವನ್ನೂ ವಿವರಿಸಿದರು. ಕೆಟ್ಟ ಮನುಷ್ಯನಲ್ಲ.

“ಹಾಕ್ರಿ,” ಎಂದರು ಅಕ್ಕಾರು. “ಹಾಕಿ ಇಬ್ರೂ ಇಲ್ಲೇ ವಸ್ತಿ ಇರ್ರಿ. ಶುಕ್ರವಾರ ಮುಂಜಾನೆ ಇದು ಏಳಲಿಲ್ಲ ಅಂದ್ರ ಇವ್ರನ್ನ ಗೋಕಾಕ್ಕ ನೀವ ಹೊತಗೊಂಡ ಹೋಗಬೇಕಾಗತೈತಿ. ದವಾಖಾನಿತನಕ. ಹೊರತೀರಿ?”

ಹಿರಿಯ ಇಂಜಿನಿಯರು ಕಿಟಕಿಯೊಳಗೆ ನೋಡಿದರು. ಆಮೇಲೆ ಫ್ಯೂಸನ್ನು ಜೇಬಿಗಿಟ್ಟು, ಟ್ಯಾಬ್ಲೆಟ್ಟನ್ನು ಕಾರಿನ ಬಾನೆಟ್ಟಿನ ಮೇಲೆಯೇ ಇಟ್ಟುಕೊಂಡು ತಮ್ಮ ವರದಿ ತುಂಬಿಸಿದರು. ನಾನು ಬಗ್ಗಿ ಓದಿದೆ. ‘ಸ್ಥಳ ಪರಿಶೀಲನೆ ನಡೆಸಲಾಯಿತು. ವಾಹನ ಪತ್ತೆಯಾಗಲಿಲ್ಲ.’

ಕಂಪನಿಯ ಕಡತದಲ್ಲಿ ಅದು ಈಗಲೂ ಪತ್ತೆಯಾಗಿಲ್ಲ. ಡಬ್ಬಿಗೆ ಮಲಗಲು ಕಲಿಸುವ ಕೆಲಸವೂ ಪರಿಶೀಲನೆಯಲ್ಲೇ ಇದೆ. ಯಾರಿಗಾದರೂ ಆ ಕಾರು ಬೇಕಿದ್ದರೆ ಸೋಮವಾರ, ಬುಧವಾರ, ಶುಕ್ರವಾರ ಗೋಕಾಕದ ದವಾಖಾನೆಯ ಅಂಗಳದಲ್ಲಿ ನಿಂತಿರುತ್ತದೆ.